ಕೊಳ್ಳೇಗಾಲದಲ್ಲಿ ಆಚರಿಸುವ ಅಮಾವಾಸ್ಯೆ

ಚೌಕಾಸಿ ಮಾಡದೆ ಕೊಂಡ ವಸ್ತು ನನ್ನ ಮೈಗೆ ಒಗ್ಗುವುದಿಲ್ಲ. ಇದನ್ನು ಕೆಲವರು ಜಿಪುಣತನ ಎನ್ನುತ್ತಾರೆ. ಅವರಿಗೆ ತಿಳಿಯದು. ಜಿಪುಣನಿಗೆ ಆಸೆ ದುಡ್ಡಿನ ಮೇಲೆ; ನನಗೆ ಆಸೆ ಎದುರಿನವರು ಉಸ್ಸೆಂದು "ಆಯ್ತು ಬುಡಿ, ನಿಮ್ಗೋಸ್ಕರ" ಎಂದು ಸೋಲುವ ಆ ಒಂದು ಗಳಿಗೆಯ ಮೇಲೆ. ಡಾಕ್ಟರು ವಾರಕ್ಕೆ ಮಾತ್ರೆ ಬರೆದರೆ ಮೂರು ದಿನಕ್ಕೆ ಇಳಿಸಿಕೊಂಡು ಬಂದವನು ನಾನು. ಮಗಳು ಚಿಕ್ಕವಳಿದ್ದಾಗ ಮೇಷ್ಟರು ಕರೆಸಿ, ಗಣಿತದಲ್ಲಿ ನಿಮ್ಮ ಹುಡುಗಿಗೆ ಪಾಸಾಗುವಷ್ಟು ಅಂಕ ಬಂದಿಲ್ಲ ಎಂದಾಗ, "ನೀವೂ ಒಸಿ ಮೇಲಕ್ ಬನ್ನಿ, ನಾವೂ ಒಸಿ ಕೆಳಕ್ ಬತ್ತೀವಿ ಸಾ" ಎಂದಿದ್ದೆ. ಮಗಳು ಆ ಮಾತನ್ನು ಇನ್ನೂ ಮರೆತಿಲ್ಲ. ಬೆಟ್ಟದ ಮಾದಪ್ಪನನ್ನೂ ನಾನು ಬಿಟ್ಟಿಲ್ಲ. ಅಂಗಡಿ ಕೈಹಿಡಿದರೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತೆನಲ್ಲ, ಅದು ತಲೆಯ ಮೇಲಿನ ಕೂದಲು ಮುಕ್ಕಾಲು ಪಾಲು ತಾನಾಗಿಯೇ ಉದುರಿದ ಮೇಲೆ. ಆ ಹರಕೆಯನ್ನೂ ತೀರಿಸದೆ ಮುಂದಕ್ಕೆ ಹಾಕುತ್ತಲೇ ಬಂದಿದ್ದೆ.

ಈ ವಿದ್ಯೆ ನನಗೆ ಬಂದದ್ದು ಸೋದರಮಾವನಿಂದ. ನಮ್ಮೂರು ಯಳಂದೂರು ತಾಲ್ಲೂಕಿನ ಅಗರ. ಮಾವ ದನದ ವ್ಯಾಪಾರಕ್ಕೆ ದಳ್ಳಾಳಿ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಬೆಲೆ ಹೇಳುವುದು, ಅವನು ಇನ್ನೊಂದು ಬೆರಳು ಹಿಡಿದು ಇಳಿಸುವುದು. ಸುತ್ತ ನಿಂತವರಿಗೆ ಏನೂ ಕಾಣದು. ಮುಖದಲ್ಲಂತೂ ಏನೂ ಕಾಣಕೂಡದು. "ಬೆರಳು ಏನಾರಾ ಏಳ್ಳಿ, ಮೊಕ ಮಾತ್ರ ಕಲ್ಲಾಗಿರ್ಬೇಕು ಕಣ್ಲಾ" ಎನ್ನುತ್ತಿದ್ದ ಮಾವ. ಆ ಕಲ್ಲುಮುಖ ಹೊತ್ತುಕೊಂಡೇ ನಾನು ಸೈಕಲ್ಲಿನ ಕ್ಯಾರಿಯರಿಗೆ ಸೀರೆ ಗಂಟು ಕಟ್ಟಿ ಹನೂರಿನ ಆಚೆ ಅಜ್ಜೀಪುರದವರೆಗೂ ತುಳಿದೆ, ಕೊಳ್ಳೇಗಾಲದಲ್ಲಿ ಅಂಗಡಿ ಹಿಡಿದೆ, ಮೇಲೆ ಮಹಡಿ ಕಟ್ಟಿದೆ. ಇಷ್ಟೆಲ್ಲ ಹೇಳಿದ್ದು ಬಡಾಯಿಗಲ್ಲ. ಈಗ ಹೇಳಹೊರಟಿರುವುದು ನಾನು ಗೆದ್ದ ಒಂದು ಚೌಕಾಸಿಯ ಸುದ್ದಿ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಕಲ್ಲುಮುಖ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಫೋನಿನಲ್ಲಿ ಸೀರೆ ತೋರಿಸಿ ಮಾರುವುದನ್ನು ಮಗಳು ಕಲಿಸಿಕೊಟ್ಟ ಮೇಲೆ ನನ್ನ ವ್ಯಾಪಾರ ಸಮುದ್ರ ದಾಟಿತು. ತಮಿಳುನಾಡಿನ ಗಡಿ ಮಗ್ಗುಲಲ್ಲೇ ಇರುವುದರಿಂದ ನಮ್ಮ ಬಾಯಲ್ಲಿ ತಮಿಳೂ ಓಡಾಡುತ್ತದೆ. ಹಾಗಾಗಿ ಮಲೇಷ್ಯಾದಿಂದ, ಕೊಲಂಬೊದಿಂದ, ಜರ್ಮನಿಯಿಂದ ತಮಿಳು ಹೆಣ್ಣುಮಕ್ಕಳು ಮದುವೆ ಸೀರೆಗೆ ಫೋನು ಮಾಡತೊಡಗಿದರು. ಅವರಲ್ಲಿ ಮಲೇಷ್ಯಾದ ಸೆಲ್ವಿ ಒಬ್ಬಳು. ತಂಗಿಯ ಮದುವೆಗೆಂದು ಒಂದು ಸೀರೆ ಕೊಂಡವಳು, ಪಕ್ಕದ ಮನೆಯವರಿಗೆ ಕೊಡಿಸಿ, ಆಮೇಲೆ ಆ ಊರಿನ ತಮಿಳರ ಮದುವೆಗಳಿಗೆಲ್ಲ ಕೊಡಿಸಿ, ಕೊನೆಗೆ ತನ್ನ ಮನೆಯ ನಡುಕೋಣೆಯಲ್ಲೇ ನನ್ನ ಸೀರೆಗಳನ್ನು ಜೋಡಿಸಿಟ್ಟು ಗಿರಾಕಿಗಳಿಗೆ ಉಡಿಸಿ ತೋರಿಸುವಷ್ಟಕ್ಕೆ ಬಂದಳು. ಅವಳನ್ನು ನೋಡಿ ಕೊಲಂಬೊದಲ್ಲೊಬ್ಬಳು, ಜರ್ಮನಿಯಲ್ಲೊಬ್ಬಳು. ಮೂವರೂ ನನ್ನನ್ನು "ಮೊದಲಾಳಿ" ಎಂದು ಕರೆಯುತ್ತಿದ್ದರು. ತಮಿಳಿನಲ್ಲಿ ಯಜಮಾನ ಎಂದರ್ಥ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಎತ್ತರ ಅರ್ಧ ಇಂಚು ಹೆಚ್ಚುತ್ತಿತ್ತು. ಅವರ ದುಡಿಮೆಗೆ ನಾನು ಕೊಡುತ್ತಿದ್ದದ್ದು ಆಗಾಗ ಒಂದೊಂದು ಸೀರೆ. ಒಂದು ದಿನ ಸೆಲ್ವಿ ನಗುತ್ತಲೇ ಹೇಳಿದಳು: "ಮೊದಲಾಳಿ, ನಿಮ್ಮ ಸೀರೆ ಬಹಳ ಚೆನ್ನಾಗಿದೆ. ಆದರೆ ಬೇಯಿಸಿ ತಿನ್ನಲು ಬರುವುದಿಲ್ಲ. ತಿಂಗಳ ಸಂಬಳ ಕೊಡಿ."

ಸಂಬಳ ಕೊಡಲು ನನಗೇನೂ ಅಡ್ಡಿಯಿರಲಿಲ್ಲ, ಕಡಿಮೆಯಾಗಿದ್ದರೆ. ಆದರೆ ನನ್ನ ಆಡಿಟರು ಕನ್ನಡಕ ಹಣೆಗೇರಿಸಿ ಕೂತುಬಿಟ್ಟರು. ಮಲೇಷ್ಯಾದಲ್ಲಿ ಸಂಬಳಕ್ಕೆ ಆಳಿಡಬೇಕಾದರೆ ಮಲೇಷ್ಯಾದಲ್ಲಿ ಕಂಪನಿ ಇರಬೇಕಂತೆ. ಅಲ್ಲಿಯ ತೆರಿಗೆ, ಅಲ್ಲಿಯ ಭವಿಷ್ಯ ನಿಧಿ, ಅಲ್ಲಿಯ ಕಾಯಿದೆ. ಕೊಲಂಬೊಗೆ ಬೇರೆ, ಜರ್ಮನಿಗೆ ಬೇರೆ. "ಅಂಗಡಿ ಮುಂದೆ ಬೋರ್ಡ್ ಬರೆಸೋಕೆ ಪೇಂಟರ್ ಜೊತೆ ಎರಡು ವರ್ಷ ಚೌಕಾಸಿ ಮಾಡಿದೋರು ನೀವು. ಜರ್ಮನೀಲಿ ಕಂಪ್ನಿ ತೆಗೀತೀರಾ?" ಎಂದರು. ಆಮೇಲೆ ಅವರೇ ದಾರಿ ತೋರಿಸಿದರು. ಇದಕ್ಕೆಂದೇ ಮಧ್ಯದ ಕಂಪನಿಗಳಿವೆಯಂತೆ. ಅವರಿಗೆ ಎಲ್ಲ ದೇಶಗಳಲ್ಲೂ ತಮ್ಮದೇ ಕಂಪನಿ ಇರುತ್ತದೆ. ನಮ್ಮ ಆಳನ್ನು ಅವರು ತಮ್ಮ ಹೆಸರಿನಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ, ಆ ದೇಶದ ದುಡ್ಡಿನಲ್ಲಿ ಸಂಬಳ ಕೊಡುತ್ತಾರೆ, ತೆರಿಗೆ ಕಟ್ಟುತ್ತಾರೆ, ರಜೆ ನೋಡಿಕೊಳ್ಳುತ್ತಾರೆ. ಕೆಲಸ ಮಾತ್ರ ನಮ್ಮದು. ನಾವು ತಿಂಗಳಿಗೊಂದು ಬಿಲ್ಲನ್ನು ಇಲ್ಲಿಂದ ಕಟ್ಟಿದರೆ ಮುಗಿಯಿತು.

ಮನೆಯಲ್ಲಿ ಇದನ್ನು ವಿವರಿಸಿದೆ. ನನ್ನ ಹೆಂಡತಿ ರಾಜಮ್ಮಣ್ಣಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

"ಅಂಗಂದ್ರೆ ಪಾಲಿಗೆ ಹಸ ಬುಟ್ಟಂಗಾಯ್ತು" ಎಂದಳು. "ಹಸ ಇನ್ನೊಬ್ರ ಕೊಟ್ಗೇಲಿ ಇರ್ತದ. ಹುಲ್ಲಿನ ಕಾಸು ನೀವು ಕೊಡ್ತೀರಿ, ಹಾಲು ನಿಮ್ಗೆ ಬತ್ತದ."

"ಸರ್ಯಾಗ್ ಏಳ್ದೆ."

"ಒದ್ರೆ?"

"ಒದ್ರೆ ಕೊಟ್ಗೆಯವ್ರಿಗೆ."

"ಅದು ಏಳಿ ಮತ್ತ. ಅದ್ಕೇ ನಿಮ್ಗೆ ಇಷ್ಟವಾಗಿರದು" ಎಂದು ಸಿಪ್ಪೆಯನ್ನೆಲ್ಲ ಬಾಚಿ ಎದ್ದು ಹೋದಳು.

ಮಧ್ಯದ ಕಂಪನಿಯ ಕಡೆಯಿಂದ ಬೆಂಗಳೂರಿನ ಶ್ರುತಿ ಎಂಬ ಮೇಡಂ ಒಬ್ಬರು ವಿಡಿಯೋ ಕರೆಯಲ್ಲಿ ಬಂದರು. ನಾನು ಹಣೆಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲಿಗೆ ಟವೆಲ್ಲೂ ಹಾಕಿಕೊಂಡು ಕೂತೆ. ಕೂತ ಮೇಲೆ ಗೊತ್ತಾಯಿತು, ಟವೆಲ್ ಇದ್ದೇನು ಬಂತು, ಹಿಡಿಯಲು ಬೆರಳಿಲ್ಲ. ಆ ಯಮ್ಮನ ಮುಖ ಮಾತ್ರ ಗಾಜಿನಲ್ಲಿದೆ, ಅದೂ ಸದಾ ನಗುತ್ತಾ. ಆದರೂ ಬಿಡಲಿಲ್ಲ. ಮೂರು ದೇಶ ಒಟ್ಟಿಗೆ ಕೊಡುತ್ತಿದ್ದೇನೆ, ಸಗಟು ದರ ಹಾಕಿ ಎಂದೆ. "ಸರ್, ದೇಶಗಳಿಗೆ ಸಗಟು ದರ ಯಾರೂ ಕೇಳಿರ್ಲಿಲ್ಲ" ಎಂದು ನಕ್ಕು, ಯಾರನ್ನೋ ಕೇಳಿ ಬಂದು, ಸ್ವಲ್ಪ ಇಳಿಸಿದರು. ಅಲ್ಲಿಗೆ ನನ್ನ ರಕ್ತ ಬಿಸಿಯಾಯಿತು. ಜರ್ಮನಿಯಲ್ಲಿ ಆಳನ್ನು ತೆಗೆಯುವುದು ಅಷ್ಟು ಸುಲಭವಲ್ಲ, ಮೊದಲೇ ತಿಳಿಸಬೇಕು, ಕಾರಣ ಕೊಡಬೇಕು ಎಂದು ಅವರು ಹೇಳಿದಾಗ, "ತೆಗ್ಯಾದು ಯಾಕ್ ಮೇಡಂ, ಒಂದ್ ಸಲ ಗದರುದ್ರೆ ಸಾಕು" ಎಂದೆ. "ಗದರೋ ಹಾಗೂ ಇಲ್ಲ ಸರ್." ಕಾಯಿಲೆಯಾದರೆ ಮನೆಯಲ್ಲಿ ಮಲಗಿದ್ದವರಿಗೂ ಸಂಬಳ ಎಂದರು. "ಎಂಥಾ ಕಾಯ್ಲೆ?" ಎಂದೆ. "ಅದನ್ನೂ ಕೇಳೋ ಹಾಗಿಲ್ಲ ಸರ್." ಒಂದೊಂದಕ್ಕೂ ನಾನು ಬೆರಳು ಮಡಚುತ್ತಾ ಹೋದೆ, ಆ ದೇಶಗಳಲ್ಲಿ ಯಜಮಾನನಿಗೆ ಉಳಿಯುವುದು ಬಿಲ್ಲು ಕಟ್ಟುವ ಬೆರಳೊಂದೇ ಎಂದು ತಿಳಿಯಿತು.

ಆಮೇಲೆ ರಜೆಯ ಪಟ್ಟಿ ಬಂತು. ಮಲೇಷ್ಯಾದ ಪಟ್ಟಿ ನೋಡಿ ನನಗೆ ತಲೆ ಸುತ್ತಿತು. ನಮ್ಮ ದೀಪಾವಳಿಯೂ ರಜೆ, ಅವರ ಹೊಸ ವರ್ಷವೂ ರಜೆ, ರಾಜನ ಹುಟ್ಟಿದ ಹಬ್ಬವೂ ರಜೆ. ನಾನು ಟವೆಲ್ ಸರಿಮಾಡಿಕೊಂಡು ಹೇಳಿದೆ: "ನೋಡಿ ಮೇಡಂ, ಇವೆಲ್ಲ ತೆಗ್ದಾಕಿ. ನಮ್ ಕಡೆ ಒಂದೇ ಲೆಕ್ಕ. ಅಮಾಸೆ ದಿವ್ಸ ಮಗ್ಗ ನಿಲ್ಲುಸ್ತೀವಿ, ಬೆಟ್ಟಕ್ ಓಯ್ತೀವಿ. ಅವ್ರಿಗೂ ಅದ್ನೇ ಕೊಡಾನ. ತಿಂಗ್ಳಿಗೊಂದು. ದೇವ್ರ್ ರಜ." ರಜೆ ಕಡಿಮೆ ಮಾಡುವ ಹಾಗಿಲ್ಲ ಎಂದರು ಅವರು, ಕಾಯಿದೆ ಒಪ್ಪುವುದಿಲ್ಲ. ನಾನು ಅಮಾವಾಸ್ಯೆ ಬಿಡಲಿಲ್ಲ. ಅವರು ಪಟ್ಟಿ ಬಿಡಲಿಲ್ಲ. ಇಬ್ಬರೂ ಬಹಳ ಹೊತ್ತು ಎಳೆದಾಡಿದೆವು. ಕೊನೆಗೆ ಅವರು, "ಸರ್, ಜಾಸ್ತಿ ಕೊಡೋದಕ್ಕೆ ಯಾವ ದೇಶದಲ್ಲೂ ಅಡ್ಡಿ ಇಲ್ಲ. ಪಟ್ಟೀನೂ ಇರಲಿ, ಅಮಾವಾಸ್ಯೆನೂ ಸೇರಿಸ್ತೀನಿ" ಎಂದರು. ಸೇರಿಸುತ್ತೇನೆ ಎಂಬ ಮಾತು ಕೇಳಿದ್ದೇ ತಡ, ನಾನು "ಆಂ, ಅದು ಮಾತು!" ಎಂದು ತೊಡೆ ತಟ್ಟಿದೆ.

"ಆದ್ರೆ ಯಾವ ದೇಶದ ಅಮಾವಾಸ್ಯೆ ಸರ್? ಜರ್ಮನೀಲಿ ಗಂಟೆ ಹಿಂದೆ ಇರುತ್ತೆ. ಒಂದೊಂದ್ಸಲ ದಿನ ಬದಲಾಗಬಹುದು."

ಇಂಥ ಪ್ರಶ್ನೆಗೆ ನಾನು ಹೆದರುವವನೇ? "ಕೊಳ್ಳೇಗಾಲದ ಅಮಾಸೆ ಅಂತ ಬರೀರಿ" ಎಂದೆ. ಅವರು ಹಾಗೇ ಬರೆದರು. ಕೊಳ್ಳೇಗಾಲದಲ್ಲಿ ಆಚರಿಸುವ ಅಮಾವಾಸ್ಯೆಯ ದಿನ ರಜೆ. ಮೂರು ದೇಶದ ಕರಾರಿನಲ್ಲೂ ಅದೇ ಸಾಲು. ಆ ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿ, ಒಂದು ತುತ್ತು ಹೆಚ್ಚಾಗಿಯೇ ತಿಂದೆ. ರಾಜಮ್ಮಣ್ಣಿ ಸಾರಿನ ಸೌಟನ್ನು ಮೇಲೆತ್ತಿ ಹಿಡಿದೇ ನಿಂತಳು. "ಅವ್ರ ರಜನೂ ಕೊಟ್ರಿ, ನಿಮ್ದೂ ಮ್ಯಾಲೊಂದು ಕೊಟ್ರಿ. ಕೊಟ್ಟುಬುಟ್ಟು ಬಂದು ಗೆದ್ದೆ ಅಂತೀರಲ್ರೀ!" ಎಂದಳು. ವ್ಯಾಪಾರದ ಸೂಕ್ಷ್ಮ ಹೆಂಗಸರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಮಜ್ಜಿಗೆ ಬಿಡಿಸಿಕೊಂಡೆ. ಎರಡನೆಯ ಲೋಟ ಮಜ್ಜಿಗೆಯ ಹೊತ್ತಿಗೆ ಸೂಕ್ಷ್ಮ ನನಗೂ ಅರ್ಥವಾಗಿತ್ತು. ಬಾಯಿಬಿಡಲಿಲ್ಲ.

ಬಾಯಿಬಿಡದೆ ಇದ್ದದ್ದು ಮನೆಯಲ್ಲಿ ಮಾತ್ರ. ಹೊರಗೆ ನನ್ನ ಬಾಯಿಗೆ ಬಾಗಿಲೇ ಇರಲಿಲ್ಲ. ಹನೂರಿನ ಬೆಲ್ಲದ ಮಂಡಿಯವನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕ್ಷೌರದಂಗಡಿಯಲ್ಲಿ ಸೋಪು ಹಚ್ಚಿಸಿಕೊಂಡು ಅಲುಗಾಡಲಾಗದವರಿಗೆ, ಎಲ್ಲರಿಗೂ ಬುದ್ಧಿ ಹೇಳಿದೆ. ಹೊರದೇಶದಲ್ಲಿ ಆಳಿಡಬೇಕಾದರೆ ನೇರ ದುಡ್ಡು ಕಳಿಸಬೇಡಿ, ಕಾಯಿದೆಗೆ ಸಿಕ್ಕಿಹಾಕಿಕೊಳ್ಳುತ್ತೀರಿ; ಮಧ್ಯದವರನ್ನು ಹಿಡಿಯಿರಿ; ಅವರು ಮೊದಲು ಹೇಳಿದ ದರಕ್ಕೆ ಒಪ್ಪಬೇಡಿ; ಸಂಬಳದ ಮೇಲೆ ಏನೇನು ಸೇರುತ್ತದೆ ಎಂದು ಮೊದಲೇ ಬಿಡಿಸಿ ಕೇಳಿ. ಇದನ್ನು ಓದುತ್ತಿರುವ ನಿಮಗೂ ಅದನ್ನೇ ಹೇಳುತ್ತೇನೆ, ಈ ಬುದ್ಧಿವಾದದಲ್ಲಿ ಇವತ್ತಿಗೂ ತಪ್ಪಿಲ್ಲ. ತಪ್ಪಿದ್ದದ್ದು ಅದನ್ನು ಹೇಳುತ್ತಿದ್ದವನಲ್ಲಿ. ಏಕೆಂದರೆ ಮಧ್ಯದ ಕಂಪನಿ ಬಂದ ಮೇಲೆ ನನಗೊಂದು ಹೊಸ ಚಟ ಹತ್ತಿತು. ಮಾರಾಟ ಚೆನ್ನಾಗಿ ಆದರೆ ನಾನು ಮೊದಲಾಳಿ. ಯಾರಿಗಾದರೂ ಜ್ವರ, ಯಾರಿಗಾದರೂ ಬೇಸರ ಎಂದರೆ, "ಅಯ್ಯೋ, ಕಾಗದದಲ್ಲಿ ನಿಮ್ಮ ಯಜಮಾನ ನಾನಲ್ಲಮ್ಮ, ಆ ಕಂಪನಿಯವರನ್ನು ಕೇಳಿ." ಅವರು ಕೇಳುತ್ತಿದ್ದರು, ಕಂಪನಿಯವರು ಕಾಯಿದೆ ಪ್ರಕಾರ ಕೊಡುತ್ತಲೂ ಇದ್ದರು. ನನ್ನ ಮುಖ ಕಲ್ಲಾಗಿಯೇ ಇರುತ್ತಿತ್ತು. ಎಷ್ಟು ಹಿತವಾದ ಏರ್ಪಾಡು!

ಸೆಲ್ವಿ ಮಾತ್ರ ಆ ಅಮಾವಾಸ್ಯೆಯ ಸಾಲನ್ನು ಬಹಳ ಗಂಭೀರವಾಗಿ ತೆಗೆದುಕೊಂಡಳು. ಬೆಟ್ಟ ಯಾವುದು, ದೇವರು ಯಾರು ಎಂದು ಕೇಳಿದಳು. ನಾನು ಸೀರೆಗಳ ಜೊತೆ ಹುಲಿಯ ಮೇಲೆ ಕೂತ ಮಾದಪ್ಪನ ಪಟವನ್ನೂ ಒಂದು ಉಂಡೆ ವಿಭೂತಿಯನ್ನೂ ಕಳಿಸಿದೆ. ಪ್ರತಿ ಅಮಾವಾಸ್ಯೆ ಅವಳು ಪಟದ ಮುಂದೆ ದೀಪ ಹಚ್ಚಿ ಫೋಟೋ ಕಳಿಸುತ್ತಿದ್ದಳು. ನಾನು ಅದಕ್ಕೆ ಉತ್ತರವಾಗಿ ಕೈಮುಗಿದ ಚಿತ್ರವೊಂದನ್ನು ಒತ್ತುತ್ತಿದ್ದೆ.

ಒತ್ತುತ್ತಿದ್ದದ್ದು ಎಲ್ಲಿ ಕೂತು ಎಂಬುದನ್ನು ಈಗ ಹೇಳಬೇಕು. ಅಂಗಡಿಯ ಗಲ್ಲಾದ ಮುಂದೆ ಕೂತು.

ಅಮಾವಾಸ್ಯೆ ದಿನ ಮಗ್ಗ ನಿಲ್ಲುವುದು ನಿಜ. ನೇಯುವವರು ನನ್ನ ಅಪ್ಪನ ಮಾತೂ ಕೇಳುವುದಿಲ್ಲ. ಆದರೆ ಸೆರಗಿಗೆ ಕುಚ್ಚು ಕಟ್ಟುವುದು ಮಗ್ಗವಲ್ಲವಲ್ಲ? ಮೂರು ದೇಶದ ಆರ್ಡರು ಹೆಚ್ಚಿದಂತೆ ಈ ತರ್ಕ ನನಗೆ ಹೊಳೆಯಿತು. ಕುಚ್ಚು ಕಟ್ಟಲು ನಾಲ್ವರು ಹೆಂಗಸರಿದ್ದಾರೆ. ಅಮಾವಾಸ್ಯೆ ದಿನ ಶಟರನ್ನು ಅರ್ಧ ಎಳೆದು, ಹೊರಗೆ "ಇಂದು ರಜೆ" ಎಂದು ರಟ್ಟು ತೂಗುಹಾಕಿ, ಒಳಗೆ ದೀಪ ಹಚ್ಚಿ ಕೆಲಸ ನಡೆಸುವುದು. ದೇವರಿಗೆ ಅರ್ಧ, ವ್ಯಾಪಾರಕ್ಕೆ ಅರ್ಧ. ಮಾದಪ್ಪನೂ ಒಪ್ಪಬಹುದಾದ ದರ ಎಂದುಕೊಂಡಿದ್ದೆ.

ಆ ನಾಲ್ವರಲ್ಲಿ ಹಿರಿಯಳು ಮಾದೇವಿ. ಅಂಗಡಿ ತೆರೆದಾಗಿನಿಂದ ಇರುವವಳು. ಅವಳ ಮೊಮ್ಮಗನಿಗೆ ಮೊದಲ ಮುಡಿ ಬೆಟ್ಟದಲ್ಲೇ, ಅಮಾವಾಸ್ಯೆ ದಿನವೇ ಎಂದು ಹರಕೆ. ಎರಡು ವರ್ಷದ ಹಿಂದೆ ಕೇಳಿದಳು. ಮದುವೆ ಕಾಲ ಮುಗಿಯಲಿ ಎಂದೆ. ಮುಗಿದ ಮೇಲೆ ಕೇಳಿದಳು. ಮುಂದಿನ ಅಮಾವಾಸ್ಯೆ ಎಂದೆ. ಹಾಗೆ ನಾನು ಮುಂದೆ ಹಾಕುತ್ತಾ ಹೋದಂತೆ ಮಗುವಿನ ಕೂದಲು ಬೆಳೆಯುತ್ತಾ ಹೋಯಿತು. ಹರಕೆಯ ಕೂದಲಿಗೆ ಕತ್ತರಿ ಹಾಕುವಂತಿಲ್ಲ. ಜುಟ್ಟು ಕಟ್ಟಿದರು, ಆಮೇಲೆ ಜಡೆ ಹೆಣೆದರು, ಆಮೇಲೆ ಕಣ್ಣಿಗೆ ಬೀಳದಿರಲೆಂದು ರಿಬ್ಬನ್ನೂ ಬಂತು. ಅಂಗನವಾಡಿಯ ಮಕ್ಕಳು ಅವನನ್ನು "ಅಕ್ಕಾ" ಎಂದು ಕರೆಯುತ್ತಿದ್ದರಂತೆ. ಜೂನಿಗೆ ಸ್ಕೂಲಿಗೆ ಸೇರಿಸಬೇಕು.

"ಸಾವ್ಕಾರ್ರೇ, ಈ ಅಮಾಸೆಗೆ ಬುಟ್ಬುಡಿ" ಎಂದಳು ಮಾದೇವಿ, ಮೇ ತಿಂಗಳಲ್ಲಿ. "ಐಕ ಸ್ಕೂಲ್ಗೆ ಜಡೆ ಆಕಂಡ್ ಓಗಕಾಯ್ತದಾ? ಅಳ್ತ ಕೂತದ."

"ಜರ್ಮನಿ ಆರ್ಡ್ರು ಅದಲ್ಲ ಮಾದೇವಿ. ದೊಡ್ ಮದ್ವೆ. ಬರೋ ಅಮಾಸೆ ಖಂಡಿತ."

"ಬರೋ ಅಮಾಸೆ ಬರೋ ಅಮಾಸೆ ಅಂತ ಐಕನ್ ಜಡೆ ಸೊಂಟುಕ್ ಬಂತು."

ಉಳಿದ ಮೂವರು ಕಿಸಕ್ಕೆಂದರು. ನಾನು ಕಲ್ಲುಮುಖ ಹಾಕಿದೆ. ಅವಳು ದಾರ ಕಚ್ಚಿ ತುಂಡರಿಸಿ, ನನ್ನನ್ನು ನೋಡದೆಯೇ ಹೇಳಿದಳು: "ನಮ್ ಬೀದಿ ಕೊನೇಲಿ ಗಾರ್ಮೆಂಟ್ಸ್ ಬಸ್ ನಿಲ್ತದ. ನಮ್ ಸೊಸೆ ಕರೀತವ್ಳೆ. ಅಲ್ಲಿ ಸಂಬ್ಳುದ್ ಚೀಟಿ ಕೊಡ್ತರಂತೆ, ರಜ ಕೊಡ್ತರಂತೆ. ನೋಡಾನ." ನನಗೆ ಎದೆ ಧಸಕ್ಕೆಂದಿತು. ಮಾದೇವಿ ಕಟ್ಟುವ ಕುಚ್ಚನ್ನು ನೋಡಿಯೇ ಜರ್ಮನಿಯವರು ಸೀರೆ ಮುಟ್ಟುವುದು. ಆದರೆ ಚೌಕಾಸಿಯಲ್ಲಿ ಎದೆ ಧಸಕ್ಕೆಂದದ್ದನ್ನು ತೋರಿಸಬಾರದು. "ಓಗು ಓಗು, ಅಲ್ಲಿ ನೀರು ಕುಡಿಯಕೂ ಕೇಳ್ಬೇಕು" ಎಂದೆ. ಅವಳು ಸೂಜಿಗೆ ಹೊಸ ಎಳೆ ಪೋಣಿಸಿದಳು. ಮೌನವಾಗಿದ್ದಾಳೆ ಎಂದರೆ ಅರ್ಧ ಸೋತಳು ಎಂದು ಲೆಕ್ಕ ಹಾಕಿದೆ. ಮಾವ ಇದ್ದಿದ್ದರೆ ಬೆರಳು ಹಿಡಿದು ಹೇಳುತ್ತಿದ್ದ, ಲೆಕ್ಕ ತಪ್ಪಿತು ಎಂದು.

ಆ ಅಮಾವಾಸ್ಯೆಯ ದಿನ ಅರ್ಧ ಎಳೆದ ಶಟರಿನ ಹಿಂದೆ ನಾಲ್ವರೂ ಕುಚ್ಚು ಕಟ್ಟುತ್ತಿದ್ದರು. ಸೆಕೆ. ಫ್ಯಾನು ತಿರುಗಿದರೆ ರೇಷ್ಮೆ ಎಳೆ ಹಾರುತ್ತದೆಂದು ಅದನ್ನೂ ಆರಿಸಿದ್ದೆ. ಶಟರಿನ ಕೆಳಗೆ ಎರಡು ಪಾದ ಕಂಡವು, ಅದರ ಪಕ್ಕ ಒಂದು ಚಕ್ರದ ಪೆಟ್ಟಿಗೆ. ಗಿರಾಕಿ ಎಂದುಕೊಂಡು, "ರಜ ಕಣ್ರೀ ಇವತ್ತು" ಎಂದು ಒಳಗಿನಿಂದಲೇ ಕೂಗಿದೆ. ಪಾದಗಳು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಸೊಂಟ ಬಗ್ಗಿಸಿ, ಕೈಯಲ್ಲಿದ್ದ ಪ್ರಸಾದದ ಚೀಲವನ್ನು ಎದೆಗವಚಿಕೊಂಡು, ಶಟರಿನ ಕೆಳಗೆ ನುಸುಳಿ ಒಳಗೆ ಬಂದು ನೆಟ್ಟಗೆ ನಿಂತಳು. ಹಣೆಯ ತುಂಬ ವಿಭೂತಿ. ಉಟ್ಟದ್ದು ನನ್ನದೇ ಅಂಗಡಿಯ ಸೀರೆ.

"ಮೊದಲಾಳಿ!" ಎಂದಳು.

ಫೋನಿನ ಗಾಜಿನಲ್ಲಿ ಅಂಗೈಯಗಲ ಕಾಣುತ್ತಿದ್ದ ಸೆಲ್ವಿ ಆಳೆತ್ತರವಾಗಿ ನನ್ನ ಮುಂದೆ ನಿಂತಿದ್ದಳು. ಬಂಧುಗಳ ಜೊತೆ ತಮಿಳುನಾಡಿನ ದೇವಸ್ಥಾನಗಳಿಗೆಂದು ಬಂದವಳು, ಅಮಾವಾಸ್ಯೆಯನ್ನು ಲೆಕ್ಕ ಹಾಕಿಕೊಂಡು ಒಬ್ಬಳೇ ಮೇಟೂರಿನ ಕಡೆಯಿಂದ ಬಸ್ಸು ಹತ್ತಿ ಬೆಟ್ಟಕ್ಕೆ ಬಂದು, ಬೆಳಿಗ್ಗೆ ಮಾದಪ್ಪನ ದರ್ಶನ ಮಾಡಿ, ಹನೂರಿನ ಮೇಲೆ ಇಳಿದು ಬಂದಿದ್ದಳು. ಅಂಗಡಿ ಹೇಗೂ ಮುಚ್ಚಿರುತ್ತದೆ, ಪಕ್ಕದಲ್ಲಿ ಯಾರನ್ನಾದರೂ ಮನೆ ಎಲ್ಲಿ ಎಂದು ಕೇಳೋಣ ಎಂದುಕೊಂಡಿದ್ದಳಂತೆ. ಟೀ ಅಂಗಡಿಯವನು, "ಒಳಗೇ ಅವ್ರೆ, ಬಗ್ಗಿ ನುಗ್ಗಿ" ಎಂದನಂತೆ. ಇದೆಲ್ಲ ಹೇಳುತ್ತಾ ಅವಳ ಕಣ್ಣು ನನ್ನನ್ನು ದಾಟಿ ಒಳಗೆ ಹೋಯಿತು. ನಾಲ್ಕು ಹೆಂಗಸರು, ನಾಲ್ಕು ಸೆರಗು, ಹರಡಿದ ರೇಷ್ಮೆ ಎಳೆ.

"ಇವತ್ತು ಅಮಾವಾಸೈ ಅಲ್ಲವಾ ಮೊದಲಾಳಿ?"

"ಪೂಜೆ ಇತ್ತಮ್ಮ" ಎಂದೆ ತಮಿಳಿನಲ್ಲಿ. ಆರತಿ ತಟ್ಟೆಯಿಲ್ಲ, ಹೂವಿಲ್ಲ. ಗಲ್ಲಾದ ಮೇಲೆ ಅರ್ಧ ತಿಂದ ಖಾರಾ ಬೋಂಡ ಇತ್ತು.

ಅವಳ ಮುಖ ಸಣ್ಣಗಾಯಿತು. ಕೋಪವಲ್ಲ, ಕೋಪವಾಗಿದ್ದರೆ ನಾನು ನಿಭಾಯಿಸುತ್ತಿದ್ದೆ. ಅವಳಿಗೆ ನಿಜವಾಗಿಯೂ ಗಾಬರಿ. "ಮೊದಲಾಳಿ, ನನ್ನ ಕರಾರಿನಲ್ಲಿ ಕೊಳ್ಳೇಗಾಲದಲ್ಲಿ ಆಚರಿಸುವ ಅಮಾವಾಸ್ಯೆ ಎಂದು ಬರೆದಿದೆ. ಇಲ್ಲಿ ಆಚರಿಸುವುದಿಲ್ಲವಾದರೆ ನಾನು ಇಷ್ಟು ದಿನ ತೆಗೆದುಕೊಂಡ ರಜೆ ತಪ್ಪಾಯಿತೇ? ಯಾರೂ ನನಗೆ ಹೇಳಲಿಲ್ಲ. ಆ ದಿನಗಳ ಕೆಲಸ ಮಾಡಿಕೊಡಬೇಕೇ?"

ನಾನು ಬೋಂಡವನ್ನು ಗಲ್ಲಾದ ಹಿಂದಕ್ಕೆ ಸರಿಸಿದೆ. ಆಗ ಮೂಲೆಯಿಂದ ಅಚ್ಚ ತಮಿಳಿನಲ್ಲಿ ಉತ್ತರ ಬಂತು: "ನೀನು ಮಾಡಿದ್ದು ಸರಿಯಮ್ಮ. ಕೂತುಕೋ, ನೀರು ಕುಡಿ." ಮಾದೇವಿಯ ತವರು ಗಡಿಯಂಚಿನ ಹಳ್ಳಿ ಎಂಬುದು ನನಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ನೆನಪಿರಲಿಲ್ಲ. ಸೆಲ್ವಿ ಅವಳ ಪಕ್ಕ ಚಾಪೆಯ ಮೇಲೆ ಕೂತಳು. ಇಬ್ಬರೂ ಮಾತಿಗೆ ಹತ್ತಿದರು. ಸೆಲ್ವಿ ನನ್ನನ್ನು ಹೊಗಳತೊಡಗಿದಳು. ತನ್ನ ದೇಶದಲ್ಲಿ ಎಷ್ಟೋ ಕಡೆ ದುಡಿದಿದ್ದಾಳಂತೆ, ಕೇಳದೆಯೇ ದೇವರಿಗೆಂದು ರಜೆ ಕೊಟ್ಟ ಯಜಮಾನನನ್ನು ಕಂಡಿರಲಿಲ್ಲವಂತೆ. ಆ ಒಂದು ದಿನ ಅವಳು ವಯಸ್ಸಾದ ತಾಯಿಯ ಬಳಿ ಇರುತ್ತಾಳಂತೆ, ತಲೆ ಬಾಚಿ, ಅಡುಗೆ ಮಾಡಿ ಬಡಿಸುತ್ತಾಳಂತೆ. ತಾಯಿ ನನ್ನನ್ನು ದಿನಾ ಹರಸುತ್ತಾಳಂತೆ. ಮಾದೇವಿ ಇದನ್ನೆಲ್ಲ ಒಂದೊಂದೇ ಮಾತು ಕನ್ನಡಕ್ಕೆ ತಿರುಗಿಸಿ ಉಳಿದ ಮೂವರಿಗೆ ಹಂಚಿದಳು, ನನಗೂ ಚೆನ್ನಾಗಿ ಕೇಳಿಸುವ ಹಾಗೆ.

"ಕೇಳ್ರವ್ವಾ, ನಮ್ ಸಾವ್ಕಾರ್ರು ಬಾಳ ದೊಡ್ ಮನ್ಸಂತೆ. ಅಮಾಸೆ ಅಂದ್ರೆ ಕೆಲ್ಸನೇ ಮಾಡುಸಲ್ವಂತೆ. ಸಂಬ್ಳ ಬೇರೆ ಕೊಡ್ತರಂತೆ!"

"ಯಾವ್ ಸಾವ್ಕಾರ್ರಕ್ಕಾ? ನಾವು ಕಂಡಿಲ್ವಲ್ಲ" ಎಂದಳು ಒಬ್ಬಳು.

"ಮಲೇಸ್ಯಾ ಸಾವ್ಕಾರ್ರು ಕನಾ. ಕೊಳ್ಳೇಗಾಲ್ದಲ್ಲಿರೋರು ಬ್ಯಾರೆ."

ನಾಲ್ವರೂ ನಕ್ಕರು. ಏನೆಂದು ತಿಳಿಯದೆ ಸೆಲ್ವಿಯೂ ನಕ್ಕಳು. ಆಮೇಲೆ ಮಾದೇವಿ ನಗು ನಿಲ್ಲಿಸಿ, ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟು, ನನ್ನ ಕಡೆ ತಿರುಗಿದಳು. "ಸಾವ್ಕಾರ್ರೇ, ನಮ್ನೂ ಮಲೇಸ್ಯಾದವ್ರು ಅಂತ ಬರ್ಕಂಡ್ಬುಡಿ. ಅವ್ರಿಗೂ ನಿಮ್ಗೂ ಮಧ್ಯದಲ್ಲಿ ಯಾರೋ ಒಬ್ರು ಅವ್ರೆ. ನಮ್ಗೂ ನಿಮ್ಗೂ ಮಧ್ಯದಲ್ಲಿ ಯಾರವ್ರೆ, ಏಳಿ?"

ಅಂಗಡಿಯಲ್ಲಿ ಎಷ್ಟೊಂದು ಕನ್ನಡಿಗಳನ್ನು ಹಾಕಿಸಿದ್ದೇನೆ, ಗಿರಾಕಿಗಳು ಸೀರೆ ಹಿಡಿದು ನೋಡಿಕೊಳ್ಳಲಿ ಎಂದು. ಆವತ್ತು ಯಾವ ಕಡೆ ತಿರುಗಿದರೂ ನಾನೇ ಇದ್ದೆ. ಏನಾದರೂ ಮಾಡಬೇಕೆಂದು ಎದ್ದು ಶಟರನ್ನು ಮೇಲಕ್ಕೆ ನೂಕಿದೆ. "ಏಳಿ ಎಲ್ಲಾ, ಈಗ್ಲೇ ವ್ಯಾನ್ ಕರುಸ್ತೀನಿ, ಮಗೀನ್ ಕರ್ಕಂಡ್ ಬೆಟ್ಟಕ್ ಓಗಿ" ಎಂದೆ. ಮಾದೇವಿ ಹೊರಗಿನ ಬಿಸಿಲನ್ನು ನೋಡಿದಳು. "ಐಕ ಮನೇಲದ. ಕರ್ಕಂಡು ನಾವು ಅಲ್ಗೋಗೋ ಹೊತ್ಗೆ ಅಮಾಸೆನೇ ಇರಲ್ಲ. ಮಾದಪ್ಪ ಕೇಳುದ್ರೆ, ಸಾವ್ಕಾರ್ರು ಈಗ್ ತಾನೆ ಬುಟ್ರು ಅನ್ಲಾ?" ಎಂದು, ಸೆಲ್ವಿ ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಮೂವರನ್ನೂ ಎಬ್ಬಿಸಿಕೊಂಡು ಮನೆಗೆ ಹೋದಳು. ಸೀರೆಗಳು ಅರ್ಧರ್ಧ ಕುಚ್ಚಿನಲ್ಲಿ ಚಾಪೆಯ ಮೇಲೆ ಬಿದ್ದಿದ್ದವು.

ಸೆಲ್ವಿಯನ್ನು ಮನೆಗೆ ಕರೆದೊಯ್ದೆ. ರಾಜಮ್ಮಣ್ಣಿ ಅವಳಿಗೆ ಊಟ ಬಡಿಸಿ, ಮಡಿಲಿಗೆ ಅಕ್ಕಿ ಬೆಲ್ಲ ಕಾಯಿ ಹಾಕಿ ಕಳಿಸಿದಳು. ಅವಳು ತೆಗೆದುಕೊಂಡ ರಜೆಗಳೆಲ್ಲ ಸರಿಯಾಗಿಯೇ ಇದ್ದವು, ತಪ್ಪಿದ್ದದ್ದು ಕೊಳ್ಳೇಗಾಲವೇ ಎಂದು ನಾನು ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ. ಅವಳು ಪೂರ್ತಿಯಾಗಿ ನಂಬಿದಳು. ಬಸ್ಸು ಹೊರಟಿತು. ವಾಪಸು ಬಂದಾಗ ರಾಜಮ್ಮಣ್ಣಿ ಏನೂ ಕೇಳಲಿಲ್ಲ. ಎಲ್ಲವೂ ಗೊತ್ತಾಗಿತ್ತು, ನಮ್ಮೂರಿನಲ್ಲಿ ಸುದ್ದಿಗೆ ಶಟರಿಲ್ಲ. "ಒದ್ರೆ ಕೊಟ್ಗೆಯವ್ರಿಗೆ ಅಂದಿದ್ರಲ್ಲ" ಎಂದಷ್ಟೇ ಅಂದಳು.

ಮಾರನೆಯ ದಿನ ಮಾದೇವಿ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಗಾರ್ಮೆಂಟ್ಸ್ ಬಸ್ಸಿನ ಹತ್ತಿರ ಅವಳನ್ನು ಯಾರೋ ಕಂಡರಂತೆ. ನಾನು ಶ್ರುತಿ ಮೇಡಂಗೆ ಫೋನು ಹಚ್ಚಿದೆ. "ಮೇಡಂ, ಮೂರು ದೇಶದ ಜೊತೆ ಇನ್ನೊಂದ್ ಸೇರ್ಸ್ಕೊಳಿ. ನಾಲ್ಕು ಜನ ಅವ್ರೆ. ಕೆಲ್ಸುಕ್ ಸೇರ್ಸಿದ್ ಕಾಗ್ದ, ಸಂಬ್ಳುದ್ ಚೀಟಿ, ರಜ, ಎಲ್ಲಾ ಅವ್ರಿಗೂ ನೀವೇ ಕೊಟ್ಬುಡಿ" ಎಂದೆ.

"ಯಾವ ದೇಶ ಸರ್?"

"ಕೊಳ್ಳೇಗಾಲ."

ನಗುತ್ತಾರೇನೋ ಎಂದುಕೊಂಡೆ, ಇಲ್ಲ, ಅವರು ಬಹಳ ಮೆತ್ತಗೆ ಹೇಳಿದರು: "ಸರ್, ಆ ದೇಶಗಳಲ್ಲಿ ನೀವು ಇಲ್ಲ, ಅದಕ್ಕೆ ನಾವು ಬೇಕು. ಕೊಳ್ಳೇಗಾಲದಲ್ಲಿ ನೀವೇ ಇದ್ದೀರಲ್ಲ."

ಆ ಸಂಜೆ ಆಡಿಟರ ಹತ್ತಿರ ಹೋಗಿ ಸಂಬಳದ ಪಟ್ಟಿಗೆ ನಾಲ್ಕು ಹೆಸರು ಬರೆಸಿದೆ. ಆಮೇಲೆ ಮಾದೇವಿಯ ಮನೆಗೆ ಹೋದೆ. ಜಗಲಿಯ ಮೇಲೆ ಮೊಮ್ಮಗ ಜಡೆ ಬಿಚ್ಚಿ ಕೂತಿದ್ದ. ಅವಳು ಹರಳೆಣ್ಣೆ ಹಚ್ಚುತ್ತಿದ್ದಳು. "ಬನ್ನಿ ಸಾವ್ಕಾರ್ರೇ" ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು, ಮತ್ತೆ ಎಣ್ಣೆ ಹಚ್ಚತೊಡಗಿದಳು. ಕಾಗದ, ಚೀಟಿ, ಅಮಾವಾಸ್ಯೆ ಎಲ್ಲ ಹೇಳಿದೆ. ಅವಳು ತಲೆಯೆತ್ತದೆ, "ಅಮಾಸೆ ಒಂದೇ ಆದ್ರೆ ಆಗಲ್ಲ. ಉಣ್ಣಿಮೆನೂ ಬೇಕು" ಎಂದಳು. ನಾನು ಬೆಚ್ಚಿದೆ. ಹುಣ್ಣಿಮೆ ರಜೆ ಕೊಲಂಬೊ ಬಿಟ್ಟರೆ ಎಲ್ಲೂ ಇಲ್ಲ ಎಂದೆ. ಎಳೆದಾಡಿದೆವು. ಕೊನೆಗೆ ಅವಳು ಉಸ್ಸೆಂದು, "ಆಯ್ತು ಬುಡಿ, ನಿಮ್ಗೋಸ್ಕರ. ಅಮಾಸೆ ಇರ್ಲಿ, ದೊಡ್ ಹಬ್ಬಗಳೂ ಇರ್ಲಿ" ಎಂದಳು. ಗೆದ್ದೆ ಎಂದುಕೊಂಡು ಬೀದಿಯ ಕೊನೆಯವರೆಗೂ ನಡೆದ ಮೇಲೆ ತಿಳಿಯಿತು, ಹಬ್ಬದ ಮಾತು ನಾನು ಎತ್ತಿಯೇ ಇರಲಿಲ್ಲ. ಅವಳ ಮುಖ ಅಷ್ಟು ಹೊತ್ತೂ ಕಲ್ಲಿನ ಹಾಗೆ ಇತ್ತು.

ಮುಂದಿನ ಅಮಾವಾಸ್ಯೆ ಶಟರನ್ನು ನೆಲ ಮುಟ್ಟುವವರೆಗೆ ಎಳೆದು ಬೀಗ ಹಾಕಿ, ನಾನೂ ರಾಜಮ್ಮಣ್ಣಿಯೂ ಮಾದೇವಿಯ ಮನೆಯವರ ಜೊತೆಯಲ್ಲೇ ಬೆಟ್ಟಕ್ಕೆ ಹೋದೆವು. ಮಗುವಿನ ಮುಡಿಯಾಯಿತು. ಬೋಳು ತಲೆಗೆ ಗಂಧ ಮೆತ್ತಿಸಿಕೊಂಡು, ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಹುಡುಗ ಎಲ್ಲರಿಗೂ, "ನಾನು ಅಕ್ಕ ಅಲ್ಲ" ಎಂದು ಹೇಳಿಕೊಂಡು ಓಡಾಡಿದ. ಅದನ್ನು ನೋಡಿ ನನ್ನ ಹಳೆಯ ಹರಕೆ ನೆನಪಾಯಿತು. ನಾನೂ ಟವೆಲ್ ತೆಗೆದು ಮುಡಿ ತೆಗೆಯುವವನ ಮುಂದೆ ಕೂತೆ. ಅವನು ನನ್ನ ತಲೆಯನ್ನು ಸುತ್ತ ನೋಡಿ, ಎಲ್ಲಿಂದ ಶುರುಮಾಡುವುದೆಂದು ಯೋಚಿಸಿ, ಇದ್ದ ನಾಲ್ಕು ಕೂದಲನ್ನು ಎರಡೇ ಎಳೆತದಲ್ಲಿ ತೆಗೆದ. ದರ ಮಾತ್ರ ಎಲ್ಲರಿಗೂ ಒಂದೇ. ಕಾಲು ತಲೆಗೆ ಪೂರ್ತಿ ದರವೇ! ನನ್ನ ಬಾಯಿ ತಾನಾಗಿಯೇ ತೆರೆಯಿತು. ಎದುರಿಗೆ ಮಾದೇವಿ ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡು, ಸಾವ್ಕಾರ್ರು ಈಗ ಏನಂತಾರೋ ಕೇಳೋಣವೆಂದು ನಿಂತಿದ್ದಳು. ತೆರೆದ ಬಾಯನ್ನು ಸುಮ್ಮನೆ ಮುಚ್ಚಲು ನಾಚಿಕೆಯಾಗಿ, "ಉಘೇ ಮಾದಪ್ಪ" ಎಂದೆ.